ಮೊನಾಕ್ಯುಲರ್ ನಡುಕಕ್ಕೆ ಕಸಬರಿಗೆ ಕೋಲು: ನನ್ನ ಅನುಭವ

10×42 ಮೊನಾಕ್ಯುಲರ್ (ಒಂದೇ ಕಣ್ಣಲ್ಲಿ ನೋಡೋ ಪುಟ್ಟ ದೂರದರ್ಶಕ) ಹಿಡ್ಕೊಂಡು ಗುರುಗ್ರಹ ನೋಡಿದ್ರೆ ಚುಕ್ಕಿ ನಿಲ್ತಾನೇ ಇರ್ಲಿಲ್ಲ, ಬರೀ ಗೀಚಿದ ಗೆರೆ ಥರ ಓಡಾಡೋದು. 10 ಅಂದ್ರೆ ಹತ್ತು ಪಟ್ಟು ದೊಡ್ಡದಾಗಿ ಕಾಣತ್ತೆ, ಜೊತೆಗೆ ಕೈ ನಡುಕಾನೂ ಹತ್ತು ಪಟ್ಟು (42 ಅನ್ನೋದು ಮುಂದಿನ ಲೆನ್ಸಿನ ಅಗಲ, ಮಿಲಿಮೀಟರ್‌ನಲ್ಲಿ).

ಪುಣೆ ಕೊಥ್ರೂಡ್‌ನಲ್ಲಿ ನಮ್ಮ ಕೆಳಗಿನ ಮನೆ ಧಾರವಾಡದ ಕಾಕಾ ಟೆರೇಸಿಗೆ ಬಂದವ್ರು "ತಮ್ಮಾ, ಕೈಗೆ ಆಸರಾ ಬೇಕೋ" ಅಂತ ಹೇಳಿ ಜೇಡರ ಬಲೆ ತೆಗೆಯೋ ಉದ್ದ ಕೋಲು ತಂದ್ಕೊಟ್ರು. ಕೋಲನ್ನ ನೆಟ್ಟಗೆ ನೆಲಕ್ಕೂರಿ, ಕೋಲು ಮೊನಾಕ್ಯುಲರ್ ಎರಡನ್ನೂ ಒಂದೇ ಮುಷ್ಟೀಲಿ ಹಿಡ್ದು, ಹೆಬ್ಬೆರಳಿನ ಗೆಣ್ಣು ಕೆನ್ನೆ ಮೂಳೆಗೆ ಒತ್ತಿ, ಬೆನ್ನು ನೀರಿನ ಟ್ಯಾಂಕಿಗೆ ಆನಿಸಿ, ಉಸಿರು ಬಿಟ್ಟು ಒಂದು ಕ್ಷಣ ಹಿಡಿದ್ರೆ ಸಾಕು, ನಿಂತೇ ಬಿಡ್ತು! ಗುರು ಪಕ್ಕ ಒಂದೇ ಗೆರೇಲಿ ಸಣ್ಣ ಚುಕ್ಕಿಗಳು, 1610ರಲ್ಲಿ ಗೆಲಿಲಿಯೋ ನೋಡಿದ ಅದೇ ಚಂದ್ರಗಳು. ನಾಲ್ಕೂ ಯಾವಾಗ್ಲೂ ಕಾಣಲ್ಲ, ಒಂದೊಂದ್ಸಲ ಗುರು ಹಿಂದೆ ಮುಂದೆ ಇರ್ತವೆ.

ನೆತ್ತಿ ಮೇಲಿನ ಕೃತ್ತಿಕೆಗೆ ಕೋಲು ಆಗಲ್ಲ, ಚಾಪೆ ಹಾಸಿ ಮಲಗೋದೇ ಸರಿ. ಕನ್ನಡಕದವ್ರು ಕಣ್ಣಿನ ಕಡೆ ರಬ್ಬರ್ ಕೆಳಗಿಳಿಸ್ಕೊಳ್ಳಿ, ಇಲ್ಲಾಂದ್ರೆ ಪೂರ್ತಿ ವೃತ್ತ ಕಾಣಲ್ಲ. ಚಂದ್ರನ್ನ ಹುಣ್ಣಿಮೆಗಿಂತ ಅರ್ಧ ಇದ್ದಾಗ ನೋಡಿ, ಬೆಳಕು ಕತ್ತಲೆ ಸೇರೋ ಅಂಚಲ್ಲಿ ಕುಳಿಗಳು ಎದ್ದು ಕಾಣ್ತವೆ. ಸೂರ್ಯನ ಕಡೆ ಮಾತ್ರ ತಿರುಗಿಸ್ಲೇಬೇಡಿ, ಕಣ್ಣು ಹೋಗತ್ತೆ.