ಮಳೆಗಾಲದ ರಿಪೋರ್ಟ್ ನಂಬಬೇಡಿ: ಪೆಟ್ರೋಲ್ ಸೇರಿದ ಬಾವಿಯ ಜೊತೆ ನನ್ನ ಅನುಭವ

ಪೆಟ್ರೋಲ್ ಬಂಕಿನ ಹತ್ತಿರದ ಒಂದು ಮನೆಯವರು, ಬಾವಿಯಲ್ಲಿ ಪೆಟ್ರೋಲ್ ವಾಸನೆ ಬರುತ್ತಿದೆ ಅಂತ ಫೋನ್ ಮಾಡಿದರು. ಫೋನಿನಲ್ಲೇ ಒಂದು ಮಾತು ಹೇಳಿಬಿಟ್ಟೆ: ಪಂಪ್ ಹಾಕಬೇಡಿ. ಬಾವಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಎಲ್ಲರೂ ಮೊದಲು ಮಾಡುವುದು ನೀರು ಖಾಲಿ ಮಾಡುವ ಕೆಲಸ. ಎಳೆದಷ್ಟೂ ಸುತ್ತಲಿನ ಪೆಟ್ರೋಲ್ ಅದೇ ಬಾವಿಯ ಕಡೆ ಹರಿದು ಬರುತ್ತದೆ. ಒಳಗೆ ಆವಿ ತುಂಬಿರುವಾಗ ಮೋಟಾರಿನ ಒಂದು ಕಿಡಿ ಸಾಕು. ದೀಪ ಇಳಿಸಿ ಗಾಳಿ ನೋಡುವ ಹಳೇ ಪದ್ಧತಿಯಂತೂ ಇಲ್ಲಿ ಬೇಡವೇ ಬೇಡ.

ಊರು ದಕ್ಷಿಣ ಕನ್ನಡದ ಹೆದ್ದಾರಿ ಬದಿಯದ್ದು. ಮೇಲೆ ಮುರಕಲ್ಲು (ತೂತುತೂತಾದ ಕೆಂಪು ಕಲ್ಲು), ಅದರ ಕೆಳಗೆ ಶೇಡಿ ಮಣ್ಣು (ನುಣುಪಾದ ಜೇಡಿಮಣ್ಣು). ಮುರಕಲ್ಲಿನ ತೂತುಗಳಲ್ಲಿ ನೀರು ಸಲೀಸಾಗಿ ಇಳಿಯುತ್ತದೆ, ಪೆಟ್ರೋಲ್ ಕೂಡ ಹಾಗೆಯೇ. ಪೆಟ್ರೋಲ್ ಲೀಟರಿಗೆ ಸುಮಾರು 740 ಗ್ರಾಂ ಮಾತ್ರ ತೂಗುತ್ತದೆ. ಅಂತರ್ಜಲ ಸಿಕ್ಕಿದ ಕೂಡಲೇ ಅದರ ಮೇಲೆ ಹರಡಿಕೊಂಡು, ನೀರು ಹೋಗುವ ಕಡೆಗೇ ಸಾಗುತ್ತದೆ.

ನೀರು ಯಾವ ಕಡೆ ಹೋಗುತ್ತಿದೆ ಅನ್ನುವುದನ್ನು ನೆಲದ ಇಳಿಜಾರು ನೋಡಿ ಹೇಳುವುದು ನನಗೆ ಸರಿ ಬರುವುದಿಲ್ಲ. ಕನಿಷ್ಠ ಮೂರು ಬಾವಿಗಳ ನೀರಿನ ಮಟ್ಟ ಬೇಕು, ಮೂರೂ ಒಂದೇ ಸಾಲಿನಲ್ಲಿ ಇರಬಾರದು. ಮೇಸ್ತ್ರಿಯೊಬ್ಬರ ಲೆವೆಲ್ ಪೈಪ್ (ಮಟ್ಟ ನೋಡಲು ನೀರು ತುಂಬಿಸುವ ಪಾರದರ್ಶಕ ಪೈಪ್) ತಂದು ಅಕ್ಕಪಕ್ಕದ ಬಾವಿಕಟ್ಟೆಗಳ ಎತ್ತರ ಹೋಲಿಸಿದೆವು. ಪ್ರತಿ ಕಟ್ಟೆಯಿಂದ ನೀರಿನ ತನಕ ಟೇಪ್ ಇಳಿಸಿ ಅಳೆದೆವು. ದುಬಾರಿ ಯಂತ್ರ ಏನೂ ಬೇಕಾಗಲಿಲ್ಲ. ನೀರು ಬಂಕಿನ ಕಡೆಯಿಂದ ಈ ಮನೆಯ ಕಡೆಗೇ ಬರುತ್ತಿತ್ತು.

ಬಂಕಿನವರು "ಟ್ಯಾಂಕ್ ಸರಿ ಇದೆ ಸರ್, ಟೆಸ್ಟ್ ಆಗಿದೆ" ಅಂದರು. ಇರಬಹುದು. ನಾನು ಕೇಳಿದ್ದು ಸ್ಟಾಕ್ ರಿಜಿಸ್ಟರ್. ದಿನಾ ಡಿಪ್ ಹಾಕಿ, ಅಂದರೆ ಟ್ಯಾಂಕಿಗೆ ಅಳತೆಕೋಲು ಇಳಿಸಿ, ಬರೆಯುವ ಲೆಕ್ಕದಲ್ಲಿ ಒಂದು ದಿನ ಜಾಸ್ತಿ, ಇನ್ನೊಂದು ದಿನ ಕಡಿಮೆ ಬರುವುದು ಸಹಜ. ಯಾವಾಗಲೂ ಕಡಿಮೆಯೇ ಬರುತ್ತಿದ್ದರೆ ಅನುಮಾನ ಪಡಬೇಕು. ಅಲ್ಲಿ ಕಡಿಮೆಯೇ ಇತ್ತು. ಟ್ಯಾಂಕಿನೊಳಗೇ ಪಂಪ್ ಇರುವ ವ್ಯವಸ್ಥೆಯಲ್ಲಿ ಪೈಪಿನೊಳಗೆ ಒತ್ತಡ ಇರುತ್ತದೆ, ಜಾಯಿಂಟ್ ಸಡಿಲವಾದರೆ ಪೆಟ್ರೋಲ್ ಹೊರಗೆ ಬೀಳುತ್ತದೆ. ಪೈಪ್‌ಲೈನಿಗೆ ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಿದಾಗ ಸಿಕ್ಕಿದ್ದು ಅದೇ. ಟ್ಯಾಂಕ್ ನಿಜಕ್ಕೂ ಸರಿಯಾಗಿಯೇ ಇತ್ತು!

ಜಾಯಿಂಟ್ ಬದಲಾಯಿಸಿದರು. ಅಷ್ಟರಲ್ಲಿ ಮಳೆ ಹಿಡಿಯಿತು. ಜುಲೈಯಲ್ಲಿ ಬಾವಿ ನೋಡಲು ಹೋದರೆ ಮನೆಯವರು, "ವಾಸನೆ ಎಲ್ಲ ಹೋಯ್ತು ಮಾರಾಯ್ರೆ, ಇನ್ನು ಕುಡಿಯಬಹುದಲ್ವಾ?" ಅಂತ ಕೇಳಿದರು.

ಇಲ್ಲೇ ಜನ ಮೋಸ ಹೋಗುವುದು. ನಮ್ಮ ಕಡೆ ಬೇಸಿಗೆಗೂ ಮಳೆಗಾಲಕ್ಕೂ ಬಾವಿ ನೀರು ಹಲವು ಮೀಟರ್ ಏರಿಳಿಯುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಪೆಟ್ರೋಲೂ ಅದರ ಜೊತೆ ಇಳಿದು, ದಾರಿಯುದ್ದಕ್ಕೂ ಮುರಕಲ್ಲಿಗೆ ಮೆತ್ತಿಕೊಳ್ಳುತ್ತದೆ. ಮಳೆಗೆ ನೀರು ಏರಿದಾಗ ಅದರಲ್ಲಿ ಬಹಳಷ್ಟು ನೀರಿನ ಕೆಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಬಾವಿಯಲ್ಲಿ ಮೇಲೆ ಪೊರೆ ಕಾಣುವುದಿಲ್ಲ. ಹೊಸ ನೀರು ಸೇರಿ ವಾಸನೆಯೂ ಕಡಿಮೆ ಆಗುತ್ತದೆ. ಆದರೆ ಕಲ್ಲಿನೊಳಗೆ ಉಳಿದ ಪೆಟ್ರೋಲಿನಿಂದ ಬೆಂಜೀನ್ ಅನ್ನುವ ರಾಸಾಯನಿಕ ನಿಧಾನವಾಗಿ ನೀರಿಗೆ ಕರಗುತ್ತಲೇ ಇರುತ್ತದೆ.

ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ಬಿಎಸ್-6 (ಭಾರತದ ಈಗಿನ ಇಂಧನ ಮಾನದಂಡ) ಪೆಟ್ರೋಲಿನಲ್ಲಿ ಅದು ಹೆಚ್ಚೆಂದರೆ 1 ಶೇಕಡಾ ಇರಬಹುದು, ಅಂದರೆ ಲೀಟರಿಗೆ ಒಂಬತ್ತು ಗ್ರಾಂ ಹತ್ತಿರ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನೀವೇ ಲೆಕ್ಕ ಹಾಕಿ: ಒಂದು ಲೀಟರ್ ಪೆಟ್ರೋಲಿನಲ್ಲಿರುವ ಬೆಂಜೀನ್ ಎಂಟು ಲಕ್ಷ ಲೀಟರಿಗೂ ಜಾಸ್ತಿ ನೀರನ್ನು ಆ ಮಿತಿಗೆ ಮುಟ್ಟಿಸುತ್ತದೆ. ಮೂಗಿಗೆ ಇದು ಗೊತ್ತಾಗುವುದಿಲ್ಲ. ಕುದಿಸಿದರೆ ಆವಿ ಅಡುಗೆಮನೆ ತುಂಬುತ್ತದೆ, ಅದೂ ಉಸಿರಿಗೆ ಒಳ್ಳೆಯದಲ್ಲ.

ಹಾಗಾಗಿ ಲ್ಯಾಬಿಗೆ ಕಳಿಸಿದೆವು. ಇದಕ್ಕೆ ಪ್ಲಾಸ್ಟಿಕ್ ಬಾಟಲಿ ನಡೆಯುವುದಿಲ್ಲ. ಚಿಕ್ಕ ಗಾಜಿನ ಸೀಸೆಯಲ್ಲಿ ಒಂದು ಗುಳ್ಳೆಯೂ ಇಲ್ಲದಂತೆ ಬಾಯಿತನಕ ತುಂಬಿ, ಐಸ್‌ನಲ್ಲಿಟ್ಟು ಕಳಿಸಬೇಕು. ಗುಳ್ಳೆ ಇದ್ದರೆ ಬೆಂಜೀನ್ ಅದರೊಳಗೆ ಸೇರಿಕೊಂಡು ನೀರಿನ ಲೆಕ್ಕ ಕಡಿಮೆ ತೋರಿಸುತ್ತದೆ. ವಾಸನೆ ಇಲ್ಲದ ಆ ನೀರಿನಲ್ಲೂ ಬೆಂಜೀನ್ ಮಿತಿ ದಾಟಿತ್ತು. ಮನೆಯವರು ಪಂಚಾಯತಿನ ನಲ್ಲಿಯ ನೀರನ್ನೇ ಮುಂದುವರಿಸಿದರು.

ಸ್ವಚ್ಛ ಮಾಡುವ ಕೆಲಸ ಡಿಸೆಂಬರಿನಿಂದ ಶುರುವಾಯಿತು. ಬಂಕಿನ ಅಂಚಿನಲ್ಲಿ ಸಣ್ಣ ಬೋರ್ ಹಾಕಿ, ಮಣ್ಣಿನೊಳಗಿನ ಆವಿಯನ್ನು ಬ್ಲೋವರ್‌ನಿಂದ ಎಳೆದು ಕಾರ್ಬನ್ ಫಿಲ್ಟರ್ ಮೂಲಕ ಬಿಡುವುದು. ಮಳೆಗಾಲದಲ್ಲಿ ಇದು ಸುಮ್ನೆ ಕರೆಂಟ್ ಬಿಲ್ ಅಷ್ಟೇ, ಕಲ್ಲಿನ ತೂತಿನಲ್ಲಿ ನೀರು ತುಂಬಿರುವಾಗ ಗಾಳಿ ಓಡಾಡುವುದಿಲ್ಲ. ಉಳಿದದ್ದನ್ನು ಮಣ್ಣಿನ ಬ್ಯಾಕ್ಟೀರಿಯಾ ತಿನ್ನುತ್ತವೆ. ಆದರೆ ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಜಾಸ್ತಿ. ಅವು ಮೊದಲು ಎಥನಾಲ್‌ಗೆ ಕೈ ಹಾಕಿ ಇದ್ದ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ, ಬೆಂಜೀನ್ ಸರದಿ ತಡವಾಗುತ್ತದೆ.

ಮುಂದಿನ ಮಳೆ ಮುಗಿದ ಮೇಲೆ ಬಂಕಿನವರು ಅಕ್ಟೋಬರಿನ ರಿಪೋರ್ಟ್ ಹಿಡಿದುಕೊಂಡು ಬಂದರು. ಬೆಂಜೀನ್ ಮಿತಿಯೊಳಗೆ ಇತ್ತು. ಕೆಲಸ ಮುಗಿದಿದೆ ಅಂತ ಬರೆದುಕೊಡಿ ಅಂದರು. ನೀರು ತಳ ಮುಟ್ಟುವ ಮೇ ತಿಂಗಳಲ್ಲಿ ಇನ್ನೊಮ್ಮೆ ಸೀಸೆ ತುಂಬಿಸಿ ನೋಡದೆ ಸಹಿ ಹಾಕುವುದಿಲ್ಲ ಅಂದೆ. ಆ ಪರೀಕ್ಷೆಯ ದುಡ್ಡು ಯಾರು ಕೊಡಬೇಕು ಅಂತ ಈಗ ಮಾತು ನಡೆಯುತ್ತಿದೆ.