ಬಿಚ್ಚಿ ಜೋಡಿಸುವ ಬಿಲ್ಲು: ರೈಸರಿಗೆ ಲಿಂಬ್ ಕೂರಿಸುವ ಸರಿಯಾದ ಕ್ರಮ

ಸ್ವಂತ ರಿಕರ್ವ್ ಬಿಲ್ಲು (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಮಾಡಿಕೊಳ್ಳಲು ಹೊರಟವರು ತುಮಕೂರಿನಲ್ಲಿ ನನಗೆ ಆಗಾಗ ಸಿಗುತ್ತಾರೆ. ಹೆಚ್ಚಿನವರು ಎಡವುವುದು ಒಂದೇ ಕಡೆ. ಲಿಂಬ್‌ಗಳನ್ನು, ಅಂದರೆ ಬಿಲ್ಲಿನ ಬಾಗುವ ಎರಡು ತೋಳುಗಳನ್ನು, ಆನ್‌ಲೈನ್‌ನಲ್ಲಿ ತರಿಸಿ, ‘ಅಗಲ ಒಂದು ಮುಕ್ಕಾಲು ಅಂಗುಲ’ ಎಂದು ಚೀಟಿಯಲ್ಲಿ ಬರೆದು ಬಡಗಿಯ ಕೈಗಿಡುತ್ತಾರೆ. ಆತ ಚೀಟಿಯ ಅಳತೆಗೇ ರೈಸರ್, ಅಂದರೆ ಹಿಡಿ ಇರುವ ನಡುಭಾಗ, ಕೊಯ್ದು ಕೊಡುತ್ತಾನೆ. ಜೋಡಿಸಿ ನೋಡಿದರೆ ಲಿಂಬ್ ಒಂದು ಬದಿಗೆ ಹೊರಚಾಚಿರುತ್ತದೆ. ತಪ್ಪು ಬಡಗಿಯದಲ್ಲ, ಚೀಟಿಯದು.

ಒಂದು ಮುಕ್ಕಾಲು ಅಂಗುಲ ಎಂದರೆ 44.45 ಮಿ.ಮೀ. ಅಂಚು ಉಜ್ಜಿ ವಾರ್ನಿಷ್ ಬಳಿದ ಲಿಂಬ್ ಕರಾರುವಾಕ್ಕಾಗಿ ಅಷ್ಟೇ ಇರುತ್ತದೆಂದು ನಂಬಬೇಡಿ. ಮೊದಲು ಲಿಂಬ್ ಕೈಗೆ ಬರಲಿ, ಆಮೇಲೆ ರೈಸರ್. ಮರ ಚೆನ್ನಾಗಿ ಒಣಗಿದ ತೇಗ ಅಥವಾ ಹೊನ್ನೆ ಆಗಿರಲಿ. ಅಗ್ಗವೆಂದು ಸಿಲ್ವರ್ ಓಕ್ ತರಬೇಡಿ, ಬೋಲ್ಟಿನ ಬಿಗಿತಕ್ಕೆ ಅದು ಸಾಲದು. ಹಿಡಿಯ ಆಕಾರವನ್ನು ನಿಮ್ಮ ಕೈಗೆ ಒಪ್ಪುವಂತೆ ಕೆತ್ತಿಕೊಳ್ಳಿ. ಲಿಂಬ್ ಕೂರುವ ಎರಡೂ ತುದಿಗಳನ್ನು ಮಾತ್ರ ಮೂರು ನಾಲ್ಕು ಮಿ.ಮೀ. ಹೆಚ್ಚು ಅಗಲವಾಗಿಯೇ ಉಳಿಸಿ.

ಈಗ ಅಳತೆ. ಟೇಪು ಸಾಲದು, ವರ್ನಿಯರ್ ಕ್ಯಾಲಿಪರ್ ಬೇಕು. ಲಿಂಬ್‌ನ ಬುಡದಲ್ಲಿ, ಬೋಲ್ಟಿನ ತೂತಿನ ಬಳಿ ಮತ್ತು ಲಿಂಬ್ ರೈಸರನ್ನು ಬಿಟ್ಟು ಹೊರಡುವ ಅಂಚಿನಲ್ಲಿ ಅಳೆಯಿರಿ. ಮೂರನೆಯದೇ ಮುಖ್ಯ. ಹೆದೆ ಎಳೆದಾಗ ಲಿಂಬ್ ಒತ್ತಿ ನಿಲ್ಲುವುದು ಅದೇ ಅಂಚಿನ ಮೇಲೆ. ಅಲ್ಲಿ ರೈಸರ್ ಕಿರಿದಾಗಿದ್ದರೆ ಲಿಂಬ್‌ನ ಅಂಚುಗಳಿಗೆ ಆಸರೆ ಇರುವುದಿಲ್ಲ, ಸೀಳುವ ಅಪಾಯವಿದೆ.

ಅಗಲ ಹೊಂದಿದರೂ ನಡುಗೆರೆ ತಪ್ಪಿದರೆ ಬಿಲ್ಲು ಕೆಟ್ಟಂತೆಯೇ. ಲಿಂಬ್‌ನ ತುದಿಯಲ್ಲಿ ಹೆದೆ ಕೂರುವ ಎರಡು ಕಚ್ಚುಗಳ ನಡುಬಿಂದುವಿನಿಂದ ಬುಡದ ನಡುವಿಗೆ ದಾರ ಬಿಗಿದು ಪೆನ್ಸಿಲ್ ಗೆರೆ ಎಳೆಯಿರಿ. ರೈಸರಿನ ಮೇಲೂ ಒಂದು ತುದಿಯಿಂದ ಇನ್ನೊಂದಕ್ಕೆ ಹಾಗೆಯೇ ಗೆರೆ ಇರಲಿ. ಎರಡು ಗೆರೆಗಳನ್ನು ಕೂಡಿಸಿ, ಲಿಂಬ್‌ನ ತೂತನ್ನು ರೈಸರಿನ ಮೇಲೆ ಗುರುತು ಮಾಡಿ. ಕೊರೆಯುವುದು ನಿಲುವು ಡ್ರಿಲ್ಲಿಂಗ್ ಯಂತ್ರದಲ್ಲೇ ಆಗಬೇಕು. ಕೈ ಡ್ರಿಲ್ ಓರೆಯಾಗಿ ಹೋದರೆ ಮುಂದಿನ ಶ್ರಮವೆಲ್ಲ ನೀರಿನಲ್ಲಿ ಹೋಮ. ಒಂದೇ ಬೋಲ್ಟಿದ್ದರೆ ಲಿಂಬ್ ಅದರ ಸುತ್ತ ತಿರುಗುತ್ತದೆ, ಆದ್ದರಿಂದ ಅದೇ ಗೆರೆಯ ಮೇಲೆ ಒಂದು ಉಕ್ಕಿನ ಪಿನ್ನೂ ಬೇಕು.

ಲಿಂಬ್ ಬಿಗಿದು, ಅದರ ಎರಡೂ ಅಂಚಿನ ಗುಂಟ ರೈಸರಿನ ಮೇಲೆ ಚೂಪು ಪೆನ್ಸಿಲಿನಿಂದ ಗೆರೆ ಎಳೆಯಿರಿ. ಬಿಚ್ಚಿ, ಗೆರೆ ಕಾಣುವಷ್ಟು ಬಿಟ್ಟು ತೋಪಡ ಹೊಡೆಯಿರಿ. ಮತ್ತೆ ಬಿಗಿದು, ಲಿಂಬ್‌ನ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಮರದ ಚಕ್ಕೆಗೆ ಸುತ್ತಿದ ಉಪ್ಪುಕಾಗದದಿಂದ ಉಜ್ಜಿ. ಟೇಪಿನ ಮೈ ತರಚತೊಡಗಿದ ಕ್ಷಣ ಕೈ ನಿಲ್ಲಿಸಿ. ಬೆರಳು ಆಡಿಸಿದರೆ ಉಗುರಿಗೆ ಮೆಟ್ಟಿಲು ಸಿಗಬಾರದು. ಯಾವ ಲಿಂಬ್ ಮೇಲಿನದು, ಯಾವುದು ಕೆಳಗಿನದು ಎಂದು ಬುಡದಲ್ಲಿ ಬರೆದಿಡಿ.

ಲಿಂಬ್ ಅಗಲವಾಯಿತೆಂದು ಅದನ್ನೇ ಉಜ್ಜುವವರಿದ್ದಾರೆ. ದಯವಿಟ್ಟು ಬೇಡ. ಎರಡು ಬದಿ ಹೆಚ್ಚು ಕಡಿಮೆಯಾದರೆ ಲಿಂಬ್ ತಿರುಚಿಕೊಳ್ಳುತ್ತದೆ. ರೈಸರ್ ಆಗಲೇ ಕಿರಿದಾಗಿದ್ದರೆ ಅದೇ ಜಾತಿಯ ಮರದ ಪಟ್ಟಿಗಳನ್ನು ಎರಡೂ ಬದಿಗೆ ಎಪಾಕ್ಸಿಯಿಂದ ಅಂಟಿಸಿ ಮತ್ತೆ ಇಳಿಸಿ. ಮರದ ಪುಡಿಗೆ ಅಂಟು ಕಲಸಿ ಮೆತ್ತುವುದು ಕಣ್ಣಿಗೆ ಮುಚ್ಚಳ, ಒತ್ತಡಕ್ಕೆ ಆಸರೆಯಲ್ಲ.

ಲಿಂಬ್ ಕೂರುವ ಜಾಗಕ್ಕೆ ಸೀಮೆಸುಣ್ಣ ಸವರಿ, ಲಿಂಬ್ ಒತ್ತಿ ತೆಗೆಯಿರಿ. ಹೊರಡುವ ಅಂಚಿನ ಉದ್ದಕ್ಕೂ ಬಿಳಿ ಸಮನಾಗಿ ಹತ್ತಿರಬೇಕು. ಆಮೇಲೆ ಹೆದೆ ಏರಿಸಿ ಹಿಂದಿನಿಂದ ನೋಡಿ: ಹೆದೆ ಎರಡೂ ಲಿಂಬ್‌ಗಳ ನಡುಗೆರೆಯ ಮೇಲೆ, ಹಿಡಿಯ ನಡುಭಾಗದ ಮೇಲೆ ಹಾಯಬೇಕು. ಒಂದು ಕಡೆಗೆ ವಾಲಿದರೆ ಲಿಂಬ್ ದೂರುವ ಮೊದಲು ಬೋಲ್ಟು, ಪಿನ್ ಸಡಿಲವಿದೆಯೇ ಎಂದು ನೋಡಿ. ಬಾಣ ಇಲ್ಲದೆ ಹೆದೆ ಎಳೆದು ಬಿಡಲೇಬಾರದು, ಆ ಹೊಡೆತ ಪೂರ್ತಿ ಲಿಂಬ್‌ಗೇ ಬೀಳುತ್ತದೆ.

ಉಜ್ಜಿದ ಅಂಚಿಗೂ ಬೋಲ್ಟಿನ ತೂತಿನ ಒಳಗೂ ವಾರ್ನಿಷ್ ಬಳಿಯಿರಿ. ನಮ್ಮ ಕಡೆ ಏಪ್ರಿಲ್ ಬಿಸಿಲಿನಲ್ಲಿ ಕುಗ್ಗಿದ ಮರ ಸೆಪ್ಟೆಂಬರಿನ ಮಳೆಗೆ ಅಡ್ಡಕ್ಕೆ ಹಿಗ್ಗುತ್ತದೆ. ಆಗ ಒಮ್ಮೆ ಬಿಚ್ಚಿ ಕ್ಯಾಲಿಪರ್ ಹಿಡಿದು ನೋಡಿ.