ಮೈಸೂರು ರೇಸ್‌ಗೆ ಹೋದರೆ ಕುದುರೆಯ ನಂಬರ್ ನೋಡಬೇಡಿ, ಜಾಕಿಯ ಟೋಪಿ ನೋಡಿ

ತಾಳವಾಡಿ ಕಡೆಯಿಂದ ಚಾಮರಾಜನಗರ ದಾಟಿ ಮೈಸೂರಿಗೆ ಮೊದಲ ಸಲ ರೇಸ್ ನೋಡಲು ಹೋಗುವವರಿಗೆ ಒಂದು ಮಾತು. ನಿಮ್ಮ ಕುದುರೆಯನ್ನು ನಂಬರ್‌ನಿಂದ ಹುಡುಕಬೇಡಿ. ಜಾಕಿಯ, ಅಂದರೆ ಕುದುರೆ ಸವಾರನ, ಅಂಗಿ ಮತ್ತು ಟೋಪಿಯ ಬಣ್ಣವನ್ನು ನೆನಪಿಟ್ಟುಕೊಳ್ಳಿ. ನಂಬರ್ ಇರುವುದು ಜೀನಿನ ಕೆಳಗಿನ ಬಟ್ಟೆಯ ಮೇಲೆ. ಓಡುವಾಗ ಅದು ಜಾಕಿಯ ಕಾಲಿನ ಮರೆಗೆ ಹೋಗುತ್ತದೆ, ಪಕ್ಕದ ಕುದುರೆಯೂ ಅಡ್ಡ ಬರುತ್ತದೆ. ಅಂಗಿ ಮೇಲಿರುತ್ತದೆ, ದೂರಕ್ಕೂ ಕಾಣುತ್ತದೆ. ಆ ಬಣ್ಣ ಜಾಕಿಯದಲ್ಲ, ಕುದುರೆಯ ಮಾಲೀಕರದು. ಅವರ ಹೆಸರಿನಲ್ಲೇ ನೋಂದಣಿಯಾಗಿರುತ್ತದೆ, ಆ ದಿನದ ಓಟಗಳ ವಿವರವಿರುವ ರೇಸ್ ಪುಸ್ತಕದಲ್ಲೂ ಬರೆದಿರುತ್ತದೆ. ಓಟಕ್ಕೆ ಮುಂಚೆ ಪ್ಯಾಡಕ್ ಎಂಬ ಅಂಗಳದಲ್ಲಿ ಕುದುರೆಗಳನ್ನು ಸುತ್ತು ಹಾಕಿಸುತ್ತಾರೆ. ಜಾಕಿ ಹತ್ತುವವರೆಗೂ ಅಲ್ಲೇ ನಿಲ್ಲಿ, ಬಣ್ಣ ನೋಡಿಕೊಂಡು ಆಮೇಲೆ ಸ್ಟ್ಯಾಂಡ್ ಹತ್ತಿ. ಕುದುರೆಯ ಹೊಳೆಯುವ ಮೈಯನ್ನು ಅಷ್ಟು ಹತ್ತಿರದಿಂದ ನೋಡುವುದೇ ಒಂದು ಖುಷಿ, ದಯವಿಟ್ಟು ತಪ್ಪಿಸಬೇಡಿ. 1200 ಮೀಟರ್ ಓಟ ಒಂದೂಕಾಲು ನಿಮಿಷದ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ, ಪುಸ್ತಕ ತೆರೆದು ಹುಡುಕಲು ಆಗ ಪುರುಸೊತ್ತು ಎಲ್ಲಿ? ಒಬ್ಬರೇ ಮಾಲೀಕರ ಎರಡು ಕುದುರೆ ಓಡಿದರೆ ಮಾತ್ರ ಅಂಗಿ ನಂಬಬೇಡಿ, ಎರಡೂ ಒಂದೇ ಥರ ಇರುತ್ತವೆ. ಆಗ ಟೋಪಿಯ ಬಣ್ಣವೇ ಗುರುತು. ಜೋರು ಮಳೆಯಲ್ಲಿ ಇದೂ ಕಷ್ಟ, ಹಿಂದಿರುವ ಜಾಕಿಗಳ ಬಣ್ಣವೆಲ್ಲ ಕೆಸರಾಗಿರುತ್ತದೆ. ಮೈದಾನದ ಆಚೆ ಬದಿಯಲ್ಲಿ ಓಡುವಾಗ ಬರಿಗಣ್ಣಿಗೆ ಸಾಲದು, ಮನೆಯಲ್ಲಿ ದುರ್ಬೀನು ಇದ್ದರೆ ತೆಗೆದುಕೊಂಡು ಹೋಗಿ.